ದಿನ ತುಂಬದ ಕೂಸಿನ ಹಾಲೂಟ: ಶಾಸ್ತ್ರ, ಒಳಲೆ ಹಾಗೂ ಆಸ್ಪತ್ರೆಯ ಬರಹಗಳ ಒಂದು ವಿಮರ್ಶೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಮನೆಮಾತಿನಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ಕುರಿತು ಎರಡು ಮಾತುಗಳು ಕೇಳಬರುತ್ತವೆ. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂಬುದು ಒಂದು. 'ಕೂಸು ಮೊಲಿ ಹಿಡಿಯವಲ್ದು' ಎಂಬುದು ಇನ್ನೊಂದು. ಮೊದಲನೆಯದು ನಂಬಿಕೆ, ಎರಡನೆಯದು ದೂರು. ಈ ದೂರು ಯಾರ ಮೇಲೆ ಎಂಬುದನ್ನು ಹೇಳುವವರು ಸ್ಪಷ್ಟಪಡಿಸುವುದಿಲ್ಲವಾದರೂ, ಕೊನೆಗೆ ಅದು ಹೋಗಿ ನಿಲ್ಲುವುದು ಹಡೆದವಳ ಮೇಲೆಯೇ. ಆಕೆಯ ಎದೆಯಲ್ಲಿ ಹಾಲಿಲ್ಲ, ಇದ್ದರೂ ಅದು ಕೂಸಿಗೆ ಒಗ್ಗದು ಎಂಬ ತೀರ್ಮಾನ ಬಾಣಂತಿಯ ಕೋಣೆಯಲ್ಲಿ ಬಹು ಬೇಗ ಹೊರಬೀಳುತ್ತದೆ.

ನಾವು ವೈದ್ಯರಲ್ಲ, ಇತಿಹಾಸವನ್ನು ಬೋಧಿಸುವವರು. ಆದ್ದರಿಂದ ಚಿಕಿತ್ಸೆಯನ್ನು ಹೇಳುವ ಅಧಿಕಾರ ನಮಗಿಲ್ಲ. ಆದರೆ ಒಂದು ಕಾಲದ ಬರಹವು ತನ್ನ ಮುಂದಿದ್ದುದರಲ್ಲಿ ಯಾವುದನ್ನು ಕಂಡಿತು, ಯಾವುದನ್ನು ಕಾಣದೆ ದಾಟಿಹೋಯಿತು ಎಂದು ವಿಚಾರಿಸುವುದು ನಮ್ಮ ಶಾಸ್ತ್ರದ ಕೆಲಸವೇ ಆಗಿದೆ. ಅಕಾಲದಲ್ಲಿ ಜನಿಸಿದ ಶಿಶುವಿನ ಆಹಾರವನ್ನು ಕುರಿತು ಆಯುರ್ವೇದದ ಸಂಹಿತೆಗಳು, ಆಂಗ್ಲರ ಕಾಲದ ದಾಖಲೆಗಳು, ಇತ್ತೀಚಿನ ವೈದ್ಯಕೀಯ ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನು ಈ ಎರಡು ಮನೆಮಾತುಗಳ ಒರೆಗಲ್ಲಿಗೆ ತಿಕ್ಕಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯ. ಗರ್ಭದ 37 ವಾರಗಳು ತುಂಬುವ ಮೊದಲು ಜನಿಸಿದ ಶಿಶುವನ್ನು ಅವಧಿಪೂರ್ವ ಶಿಶುವೆಂದು ಇಂದು ಎಣಿಸುತ್ತಾರೆ. 2020ರಲ್ಲಿ ಭಾರತದಲ್ಲಿ ಇಂಥ ಸುಮಾರು 30 ಲಕ್ಷ ಶಿಶುಗಳು ಜನಿಸಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯೊಡನೆ ಕೂಡಿ ಸಿದ್ಧಪಡಿಸಿದ ಅಂದಾಜು ಹೇಳುತ್ತದೆ. ಗರ್ಭದಲ್ಲಿರುವಾಗಲೇ ಶಿಶುವು ನುಂಗಲು ಕಲಿಯುತ್ತದೆ. ಬೆರಳನ್ನು ಚೀಪಲೂ ಕಲಿಯುತ್ತದೆ. ಆದರೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದರ ಬೆನ್ನಿಗೆ ಒಂದು ತಪ್ಪದೆ ನಡೆಯಬೇಕಾದರೆ ಸುಮಾರು 34ನೆಯ ವಾರದವರೆಗೆ ಕಾಯಬೇಕು. ನುಂಗುವ ಕ್ಷಣದಲ್ಲಿ ಉಸಿರು ನಿಲ್ಲಬೇಕು, ನುಂಗಿದೊಡನೆ ಮತ್ತೆ ನಡೆಯಬೇಕು. ದೊಡ್ಡವರಾದ ನಮಗೆ ಇದು ಗಮನಕ್ಕೂ ಬಾರದ ಕ್ರಿಯೆ. ಒಂದೂವರೆ ಕಿಲೋಗ್ರಾಂ ತೂಗುವ ಜೀವಕ್ಕೆ ಇದೇ ದಿನದ ಅತಿ ದೊಡ್ಡ ದುಡಿಮೆ. ಅದು ಎರಡು ಮೂರು ಸಲ ಚೀಪುತ್ತದೆ, ದಣಿಯುತ್ತದೆ, ನಿದ್ದೆಹೋಗುತ್ತದೆ. ಅದರ ಗತಿಯನ್ನು ಮೀರಿ ಹಾಲು ಬಂದರೆ ಮೈ ನೀಲಿಗಟ್ಟುತ್ತದೆ, ಎದೆಯ ಬಡಿತ ನಿಧಾನವಾಗುತ್ತದೆ, ಹಾಲು ಅನ್ನನಾಳವನ್ನು ಬಿಟ್ಟು ಶ್ವಾಸನಾಳವನ್ನು ಸೇರುವ ಭಯವೂ ಉಂಟು. ಮೊಲೆ ಹಿಡಿಯದಿರುವುದು ಈ ಶಿಶುವಿನ ಹಟವೂ ಅಲ್ಲ, ತಾಯಿಯ ದೋಷವೂ ಅಲ್ಲ. ಆ ವಿದ್ಯೆಯ ದಿನಗಳು ಅದಕ್ಕೆ ಇನ್ನೂ ತುಂಬಿಲ್ಲ, ಅಷ್ಟೆ.

ಇನ್ನು ಎಂಟನೆಯ ತಿಂಗಳಿನ ನಂಬಿಕೆಗೆ ಬರೋಣ. ಇದನ್ನು ಹಳ್ಳಿಯ ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರಿದ್ದಾರೆ. ಅವರಿಗೆ ಇದರ ವಂಶಾವಳಿ ತಿಳಿದಿರಲಾರದು. ಎಂಟನೆಯ ತಿಂಗಳಿನಲ್ಲಿ ಓಜಸ್ಸು ತಾಯಿ ಮತ್ತು ಗರ್ಭಗಳ ನಡುವೆ ಸ್ಥಿರವಿಲ್ಲದೆ ಸಂಚರಿಸುತ್ತದೆ, ಆದಕಾರಣ ಆಗಿನ ಜನನವು ಅಪಾಯಕರವಾದುದು ಎಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಸುಶ್ರುತನು ಇನ್ನೂ ಮುಂದೆ ಹೋಗಿ, ಆ ತಿಂಗಳು ಹುಟ್ಟಿದುದು ಬದುಕದೆಂದೇ ನುಡಿದು, ಬಲಿಯನ್ನು ವಿಧಿಸುತ್ತಾನೆ. ಗ್ರೀಸಿನಲ್ಲಿ ಹಿಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಸಮುದಾಯದಲ್ಲಿ ಎಂಟು ತಿಂಗಳ ಶಿಶುವಿನ ಮೇಲೆ ಒಂದು ಪ್ರತ್ಯೇಕ ಪ್ರಬಂಧವೇ ಇದೆ. ಅದರ ನಿರ್ಣಯವೂ ಇದೇ. ಅರಿಸ್ಟಾಟಲನು ಮಾತ್ರ, ಈಜಿಪ್ಟಿನಲ್ಲಿ ಇಂಥ ಶಿಶುಗಳು ಬದುಕುತ್ತವೆಂಬುದನ್ನು ಗುರುತಿಸಿ, ಸ್ವದೇಶದ ನಿಯಮಕ್ಕೆ ಸ್ವಲ್ಪ ಸಡಿಲಿಕೆ ಕೊಟ್ಟನು. ನಮ್ಮಲ್ಲಿಯೂ ಅಂಥದೊಂದು ಸಡಿಲಿಕೆ ಅನಿರೀಕ್ಷಿತವಾದ ಕಡೆಯಲ್ಲಿ ದೊರೆಯುತ್ತದೆ. ದೇವಕಿ ಮತ್ತು ಯಶೋದೆಯರಿಬ್ಬರೂ ಗರ್ಭದ ಕಾಲ ತುಂಬುವ ಮೊದಲೇ, ಎಂಟನೆಯ ತಿಂಗಳಿನಲ್ಲಿ ಹೆತ್ತರೆಂದು ಹರಿವಂಶವು ಹೇಳುತ್ತದೆ. ಗೋಕುಲಾಷ್ಟಮಿಯ ದಿನ ತೊಟ್ಟಿಲು ತೂಗುವ ಮನೆಯಲ್ಲಿಯೇ ಎಂಟು ತಿಂಗಳ ಕೂಸು ಉಳಿಯದೆಂಬ ಮಾತೂ ನಡೆದುಬಂದಿರುವುದು ವಿಚಿತ್ರವಲ್ಲವೇ?

ಇಂದಿನ ತಿಳಿವಳಿಕೆಗೆ ಈ ನಂಬಿಕೆ ಸಂಪೂರ್ಣವಾಗಿ ತಲೆಕೆಳಗಾದುದು. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಶಿಶುವಿನ ಲಾಭವೇ. ಎಂಟನೆಯ ತಿಂಗಳಿನದು ಏಳನೆಯದಕ್ಕಿಂತ ಚೆನ್ನಾಗಿ ಉಸಿರಾಡುತ್ತದೆ, ಚೆನ್ನಾಗಿ ನುಂಗುತ್ತದೆ. ಹೀಗಿದ್ದೂ ನಂಬಿಕೆ ಎರಡು ಸಾವಿರ ವರ್ಷಗಳ ಕಾಲ ಉಳಿದುದು ಹೇಗೆ? ಏಳು ತಿಂಗಳ ಕೂಸು ಉಳಿದರೆ ಅದು ಊರಿಗೆಲ್ಲ ಸುದ್ದಿ, ಉಳಿಯದಿದ್ದರೆ ಯಾರೂ ಎಣಿಸರು. ಎಂಟು ತಿಂಗಳಿನದು ಉಳಿದರೆ ದಿನ ತುಂಬಿಯೇ ಹುಟ್ಟಿತೆಂದು ಲೆಕ್ಕ ತಿದ್ದುವರು, ಉಳಿಯದಿದ್ದರೆ ಶಾಸ್ತ್ರ ನಿಜವಾಯಿತೆನ್ನುವರು. ಇದು ನಮ್ಮ ಊಹೆ. ನಂಬಿಕೆಯ ಫಲ ಮಾತ್ರ ಊಹೆಗೆ ಬಿಟ್ಟುದಲ್ಲ: ಹೇಗೂ ಉಳಿಯದೆಂದು ಮೊದಲೇ ತೀರ್ಮಾನವಾದ ಕೂಸಿಗೆ ಗಂಟೆಗೊಂದು ಸಲ ಎದ್ದು ಹನಿಹನಿಯಾಗಿ ಹಾಲು ಕುಡಿಸುವ ಕೈಗಳು ಬೇಗ ಸೋಲುತ್ತವೆ.

ಸಂಹಿತೆಗಳ ಮೇಲೆ ನಮಗಿರುವ ಆಕ್ಷೇಪ ಈ ನಂಬಿಕೆಗೆ ಸಂಬಂಧಿಸಿದುದಲ್ಲ, ಬೇರೆಯದು. ಅವುಗಳಲ್ಲಿ ಹಾಲಿನ ವಿಚಾರ ಅಪಾರವಾಗಿದೆ. ಸ್ತನ್ಯದ ಪರೀಕ್ಷೆ, ಸ್ತನ್ಯದ ದೋಷಗಳು, ಧಾತ್ರಿಯ ಲಕ್ಷಣ, ಆಕೆಯ ಆಹಾರವಿಹಾರ ಇವೆಲ್ಲ ವಿಸ್ತಾರವಾಗಿ ಬಂದಿವೆ. ತಾಯಿಯ ಹಾಲು ಮೂರು ನಾಲ್ಕು ರಾತ್ರಿಗಳ ತರುವಾಯವೇ ಇಳಿಯುವುದೆಂದು ಹೇಳಿ, ಸುಶ್ರುತನು ಆವರೆಗೆ ಜೇನುತುಪ್ಪಗಳ ಲೇಹವನ್ನು ವಿಧಿಸಿದ್ದಾನೆ. ಮೊದಲ ದಿನಗಳ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ರೂಢಿಗೆ ಇಂಥ ವಿಧಿಗಳು ಎಷ್ಟು ಬೆಂಬಲವಿತ್ತಿರಬೇಕೆಂಬುದನ್ನು ವಾಚಕರು ಊಹಿಸಬಹುದು. ನೇಪಾಳದಲ್ಲಿ ದೊರೆತ ಅಪೂರ್ಣ ಪ್ರತಿಯಿಂದ ಪಂಡಿತ ಹೇಮರಾಜ ಶರ್ಮರು 1938ರಲ್ಲಿ ಮುಂಬಯಿಯಲ್ಲಿ ಅಚ್ಚುಮಾಡಿಸಿದ ಕಾಶ್ಯಪಸಂಹಿತೆ ಈ ಸಾಲಿನಲ್ಲಿ ಶ್ರೇಷ್ಠವಾದುದು. ಮಾತು ಬಾರದ ಶಿಶುವಿನ ವೇದನೆಯನ್ನು ಅದರ ಚೇಷ್ಟೆಗಳಿಂದಲೇ ಅರಿಯುವ ಕ್ರಮವನ್ನು ಅದರ ವೇದನಾಧ್ಯಾಯವು ಕಲಿಸುತ್ತದೆ. ಮೊಲೆಯನ್ನು ಒಲ್ಲದಿರುವುದನ್ನು ರೋಗದ ಸೂಚನೆಯೆಂದು ಗುರುತಿಸುತ್ತದೆ. ಇದು ದೊಡ್ಡ ಮಾತು, ಮುಂದೆ ಇದಕ್ಕೆ ಮರಳಿ ಬರುತ್ತೇವೆ. ಆದರೆ ರೋಗವಿಲ್ಲದೆಯೂ, ಹಾಲಿಗೆ ದೋಷವಿಲ್ಲದೆಯೂ, ಕೇವಲ ಕಾಲ ತುಂಬದಿರುವುದರಿಂದ ನುಂಗಲಾರದ ಶಿಶುವೆಂಬುದು ಈ ಗ್ರಂಥಗಳ ವರ್ಗೀಕರಣದಲ್ಲಿ ಸ್ಥಾನ ಪಡೆದಂತೆ ತೋರುವುದಿಲ್ಲ. ಹಾಲು ಒಳ್ಳೆಯದಾದರೆ ಕೂಸು ಉಂಡೇ ಉಣ್ಣುವುದೆಂಬ ಭಾವನೆ ಅಲ್ಲಿ ಹಿನ್ನೆಲೆಯಾಗಿ ನಿಂತಿದೆ.

ನಮ್ಮ ಭಾಷೆ ಈ ವಿಷಯದಲ್ಲಿ ಶಾಸ್ತ್ರಕ್ಕಿಂತ ಸೂಕ್ಷ್ಮವಾದುದು. ಕನ್ನಡದಲ್ಲಿ ಕೂಸು ಮೊಲೆಯನ್ನು 'ಉಣ್ಣು'ತ್ತದೆ. ಆ ಕ್ರಿಯೆಗೆ ಕರ್ತೃ ಕೂಸೇ. ತಾಯಿ 'ಊಡು'ವವಳು, 'ಉಣಿಸು'ವವಳು. ಎಂದರೆ ಉಣ್ಣುವ ಕೆಲಸಕ್ಕೆ ಪ್ರೇರಕಳು ಮಾತ್ರ. ಗಡಿಭಾಗದ ಮರಾಠಿಯ 'ಪಾಜಣೆ'ಯೂ ಪ್ರೇರಣಾರ್ಥಕವೇ. ಆದರೆ ಕೂಸು ಮೊಲೆ ಹಿಡಿಯದಾಗ ಈ ವ್ಯಾಕರಣ ಬದಲಾಗುತ್ತದೆ. ಆಗ ಒಳಲೆಯನ್ನು 'ಹಾಕು'ತ್ತಾರೆ. ಕರ್ತೃತ್ವವೆಲ್ಲ ಹಾಕುವವರ ಕೈಗೆ ಬಂದು, ಕೂಸು ಒಂದು ಪಾತ್ರೆಯಾಗಿ ಉಳಿಯುತ್ತದೆ. ಈ ಒಂದು ಕ್ರಿಯಾಪದದ ಬದಲಾವಣೆಯಲ್ಲಿ ನಮ್ಮ ವಿಷಯದ ಇತಿಹಾಸ ಬಹುಮಟ್ಟಿಗೆ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಒಳಲೆಯ ಪರಿಚಯ ಇಂದಿನ ವಿದ್ಯಾರ್ಥಿಗಳಿಗೆ ಇರಲಿಕ್ಕಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಒಂದು ಕಡೆ ಕೊಕ್ಕಿನಂತೆ ಚಾಚಿದ ಬಾಯುಳ್ಳ ಪಾತ್ರೆಯದು. ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಇತರರಲ್ಲಿ ಹಿತ್ತಾಳೆಯದು. ನಿಪ್ಪಾಣಿಯ ಸುತ್ತಿನ ಮರಾಠಿ ಮನೆಗಳಲ್ಲಿ ಇದಕ್ಕೆ ಬೋಂಡಲೆ ಎನ್ನುತ್ತಾರೆ, ತಮಿಳರು ಪಾಲಾಡೈ ಎನ್ನುತ್ತಾರೆ. ಜಗತ್ತಿನ ವೈದ್ಯಕೀಯ ಬರಹಗಳಿಗೆ ಸೇರಿದುದು ಈ ತಮಿಳು ಹೆಸರೇ. ಕಡಿಮೆ ತೂಕದ ಶಿಶುಗಳ ಆಹಾರವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರಡಿಸಿದ ಮಾರ್ಗದರ್ಶಿಕೆಯು, ಮೊಲೆಯುಣ್ಣಲಾರದೆ ಬಾಯಿಂದ ಕುಡಿಸಬೇಕಾದ ಶಿಶುವಿಗೆ ಬಾಟ್ಲಿಯನ್ನು ಬಿಟ್ಟು ಬಟ್ಟಲು, ಚಮಚ ಅಥವಾ ಕೊಕ್ಕಿನ ಬಟ್ಟಲಾದ ಪಾಲಾಡೈಯನ್ನು ಬಳಸಬೇಕೆಂದು ಹೇಳಿತು. ಭಾರತದ ಆಸ್ಪತ್ರೆಗಳ ನವಜಾತ ಶಿಶುಪಾಲನೆಯ ಸೂಚನೆಗಳಲ್ಲಿಯೂ, ಸುಮಾರು 32ರಿಂದ 34 ವಾರಗಳ ಶಿಶುವಿಗೆ ಇದೇ ಉಪಕರಣ. ಅದಕ್ಕಿಂತ ಎಳೆಯವಕ್ಕೆ ನಳಿಗೆಯ ಮೂಲಕ ಹಾಲು ನೇರವಾಗಿ ಹೊಟ್ಟೆಗೆ. ಅದಕ್ಕಿಂತ ಬಲಿತವಕ್ಕೆ ತಾಯಿಯ ಮೊಲೆ.

ಇದನ್ನು ಕಂಡು ನಮ್ಮಲ್ಲಿ ಕೆಲವರು, ಅಜ್ಜಿಯರಿಗೆ ತಿಳಿದಿದ್ದುದನ್ನೇ ವಿಜ್ಞಾನವು ಈಗ ಒಪ್ಪಿತೆಂದು ಹಿಗ್ಗುವುದುಂಟು. ಈ ಹಿಗ್ಗನ್ನು ನಾವು ಒಪ್ಪಲಾರೆವು. ಪಾತ್ರೆ ಒಂದೇ, ಪ್ರಯೋಗ ಬೇರೆ. ಮನೆಯಲ್ಲಿ ಚಾಚಿದ ಕಾಲುಗಳ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಬಾಯಿ ತೆರೆಸಿ, ಒಳಲೆಯನ್ನು ಬಗ್ಗಿಸುವ ಪದ್ಧತಿಯಿದೆ. ಕೂಸು ಅತ್ತರೆ ಬಾಯಿ ತೆರೆಯಿತೆಂದು ಇನ್ನಷ್ಟು ಸುರಿಯುವವರೂ ಉಂಟು. ತುಪ್ಪ, ಹರಳೆಣ್ಣೆಗಳನ್ನೂ ಹೀಗೆಯೇ ಹಾಕುತ್ತಿದ್ದರು. ಈ ಎಣ್ಣೆ ಶ್ವಾಸಕೋಶವನ್ನು ಸೇರಿ ಉಂಟಾಗುವ ಉರಿಯೂತವನ್ನು ದಕ್ಷಿಣ ಭಾರತದ ಶಿಶುಗಳಲ್ಲಿ ಕಂಡು ವೈದ್ಯರು 1970ರ ದಶಕದಲ್ಲಿಯೇ ವರದಿಮಾಡಿದ್ದಾರೆ. ಆಸ್ಪತ್ರೆಯ ಕ್ರಮ ಇದಕ್ಕೆ ವಿರುದ್ಧವಾದುದು. ಕೂಸು ಎಚ್ಚರವಿರಬೇಕು, ಅದನ್ನು ಅರ್ಧ ಕುಳ್ಳಿರಿಸಿದಂತೆ ಹಿಡಿಯಬೇಕು, ಕೊಕ್ಕನ್ನು ತುಟಿಯ ಅಂಚಿಗೆ ತಾಗಿಸಿ ಕೆಲವೇ ಹನಿ ಬಿಡಬೇಕು, ನುಂಗಿತೆಂದು ಕಂಡ ಬಳಿಕ ಮುಂದಿನ ಹನಿ. ಇಲ್ಲಿ ಕರ್ತೃತ್ವ ಮತ್ತೆ ಕೂಸಿಗೆ ಮರಳಿದೆ. 'ಹಾಕು'ವುದು ಹೋಗಿ 'ಉಣ್ಣು'ವುದು ಬಂದಿದೆ. ಅಂತೆಯೇ ಒಳಲೆಯನ್ನು ಅನಾಗರಿಕವೆಂದು ಹಳಿದು, ರಬ್ಬರಿನ ತೊಟ್ಟಿನ ಬಾಟ್ಲಿಯನ್ನು ಸಭ್ಯತೆಯ ಗುರುತೆಂದು ಮನೆಗೆ ತಂದವರ ವಾದವೂ ನಿಲ್ಲುವುದಿಲ್ಲ. ಕೊಕ್ಕಿನ ಬಟ್ಟಲನ್ನು ತಿಕ್ಕಿ ಕುದಿಸುವುದು ಸುಲಭ, ಬಾಟ್ಲಿಯ ತೊಟ್ಟನ್ನು ಶುದ್ಧವಾಗಿಡುವುದು ಕಷ್ಟ. ಬಟ್ಟಲಿನಿಂದ ಕುಡಿದ ಶಿಶುಗಳು ಆಸ್ಪತ್ರೆ ಬಿಡುವಾಗ ಮೊಲೆಯುಣ್ಣುವ ಸಂಭವ ಹೆಚ್ಚೆಂದು ಪರೀಕ್ಷೆಗಳು ತೋರಿಸಿವೆ. ಅದೇ ಪರೀಕ್ಷೆಗಳಲ್ಲೊಂದು ಆಸ್ಪತ್ರೆಯ ವಾಸವು ದೀರ್ಘವಾಯಿತೆಂದೂ ಹೇಳಿದೆ. ಬಟ್ಟಲಿನ ಅಭಿಮಾನಿಗಳು ಈ ಮಾತನ್ನು ಮರೆಯುವುದು ನ್ಯಾಯವಲ್ಲ.

ಇತಿಹಾಸಕಾರನ ದಾಖಲೆಗಳತ್ತ ತಿರುಗಿದರೆ ನಮಗೆ ಸಿಗುವುದು ಅಲ್ಪ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ಬೆಳಗಾವಿ ಸಂಪುಟವು ಜಾತಿಜಾತಿಗಳ ಜನನ, ವಿವಾಹ, ಮರಣಗಳ ಆಚಾರಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದೆ. ಆದರೆ ಅದು ಆಚಾರಗಳ ದಾಖಲೆ. ವಿಧಿಯಂತೆ ನಡೆದ ಜನನವೇ ಅದರ ವಿಷಯ, ವಿಧಿ ತಪ್ಪಿ ಬಂದುದಲ್ಲ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದರಿಂದ, ನೆರೆಯ ಚಿಕ್ಕೋಡಿ, ಅಥಣಿಗಳಿಗಿಂತ ಅದರ ಕಾಗದಪತ್ರಗಳ ದಾರಿಯೇ ಬೇರೆ. ಎರಡೂ ಕಡೆ ಹುಟ್ಟು ಸಾವುಗಳ ಎಣಿಕೆ ಸಿಕ್ಕಬಹುದಾದರೂ, ಅವುಗಳ ನಡುವಣ ಹತ್ತಿಪ್ಪತ್ತು ದಿನಗಳಲ್ಲಿ ಆ ಕೂಸು ಏನನ್ನು ಹೇಗೆ ಕುಡಿಯಿತೆಂಬುದಕ್ಕೆ ಅಂಕಣವಿಲ್ಲ.

ಆಸ್ಪತ್ರೆಗಳ ಚರಿತ್ರೆ ಹೀಗಲ್ಲ, ಅಲ್ಲಿ ಬರಹ ಸಮೃದ್ಧವಾಗಿದೆ. ಪ್ಯಾರಿಸಿನ ಪ್ರಸೂತಿಗೃಹದಲ್ಲಿ ತಾರ್ನಿಯೆ 1880ರ ಸುಮಾರಿಗೆ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯನ್ನೂ, ಆ ದಶಕದಲ್ಲಿಯೇ ನಳಿಗೆಯಿಂದ ಹಾಲು ಕೊಡುವ ಕ್ರಮವನ್ನೂ ಬಳಕೆಗೆ ತಂದನು. ಅವನ ಶಿಷ್ಯ ಪಿಯೆರ್ ಬ್ಯುದ್ಯಾಂ 1900ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ತಾಯಿಯನ್ನು ದೂರವಿಟ್ಟರೆ ಕೂಸು ಉಳಿದರೂ ಆಕೆಯ ಹಾಲೂ ಮಮತೆಯೂ ಉಳಿಯುವುದು ಕಷ್ಟವೆಂಬುದನ್ನು ಕಂಡು ಹೇಳಿದನು. ಮುಂದಿನ ಎಪ್ಪತ್ತೆಂಬತ್ತು ವರ್ಷಗಳ ಆಸ್ಪತ್ರೆಗಳು ಅವನ ಗುರುವಿನ ಪೆಟ್ಟಿಗೆಯನ್ನು ಇಟ್ಟುಕೊಂಡು ಅವನ ಮಾತನ್ನು ಬಿಟ್ಟವು. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ, ಪೆಟ್ಟಿಗೆಗಳು ಸಾಲದಿದ್ದ ಕಾರಣದಿಂದಲೇ, ಕೂಸನ್ನು ತಾಯಿಯ ಬರಿಮೈಗೆ ಅಪ್ಪಿಸಿಡುವ ಕಾಂಗರೂ ಪಾಲನೆ ಆರಂಭವಾಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದೊಡನೆ ಹೀಗೆ ಅಪ್ಪಿಸಿಟ್ಟ ಶಿಶುಗಳಲ್ಲಿ 28 ದಿನಗಳೊಳಗಿನ ಮರಣ ನೂರಕ್ಕೆ 12.0 ಇದ್ದರೆ, ಸ್ಥಿತಿ ಸುಧಾರಿಸಿದ ಬಳಿಕ ಅಪ್ಪಿಸಿದ ಶಿಶುಗಳಲ್ಲಿ 15.7 ಇತ್ತು. ಅಪ್ಪಿಕೊಂಡ ಕೂಸಿಗೆ ಮೊಲೆ ಸಮೀಪದಲ್ಲಿಯೇ ಇರುತ್ತದೆ. ನಳಿಗೆಯಲ್ಲಿ ಹಾಲು ಇಳಿಯುತ್ತಿರುವಾಗಲೇ, ಹಿಂಡಿ ಬರಿದುಮಾಡಿದ ಮೊಲೆಯನ್ನು ಚೀಪಲು ಕೊಟ್ಟರೆ ಬಾಯಿಂದ ಉಣ್ಣುವ ವಿದ್ಯೆ ಬೇಗ ಕೈಗೂಡಬಹುದೆಂಬ ಅಭಿಪ್ರಾಯವಿದೆ.

ನಮ್ಮ ಗಡಿಭಾಗದ ಜನರಿಗೆ ಆಸ್ಪತ್ರೆಯೆಂದರೆ ಬಹುಕಾಲ ರಾಜ್ಯದ ಗಡಿಯಾಚೆಯದೇ ಆಗಿತ್ತು. ವಿಲಿಯಂ ವಾನ್ಲೆಸ್ಸರು 1894ರಲ್ಲಿ ತೆರೆದ ಮಿಷನ್ ಆಸ್ಪತ್ರೆಯುಳ್ಳ ಮಿರಜವು ಅಥಣಿ, ಕಾಗವಾಡದವರಿಗೆ ಇಂದಿಗೂ ಬೆಳಗಾವಿಗಿಂತ ಸಮೀಪ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹಾಗೆಯೇ. ಹೀಗಾಗಿ ಒಂದೇ ಕೂಸಿನ ಕಾಗದಗಳು ಎರಡು ರಾಜ್ಯಗಳಲ್ಲಿ, ಎರಡು ಭಾಷೆಗಳಲ್ಲಿ ಹಂಚಿಹೋಗುತ್ತವೆ.

ಜಿಲ್ಲೆಯೊಳಗಿನ ವಿದ್ಯೆಯೂ ಈಗ ಹಿಂದುಳಿದಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಎರಡು ದಶಕಗಳಿಂದ ಗ್ರಾಮೀಣ ತಾಯಿ ಶಿಶುಗಳ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಭಾಗಿಯಾಗಿದೆ. ಬೆಳಗಾವಿ ಹಾಗೂ ನಾಗಪುರಗಳೂ ಸೇರಿದಂತೆ ಆರು ದೇಶಗಳ 11,976 ಚೊಚ್ಚಲ ಗರ್ಭಿಣಿಯರಲ್ಲಿ ನಡೆದು 2020ರಲ್ಲಿ ಪ್ರಕಟವಾದ ಆಸ್ಪಿರಿನ್ ಪರೀಕ್ಷೆಯು, ನಿತ್ಯ ಒಂದು ಸಣ್ಣ ಗುಳಿಗೆಯಿಂದ ಅವಧಿಪೂರ್ವ ಜನನವು ನೂರಕ್ಕೆ 13.1ರಿಂದ 11.6ಕ್ಕೆ ಇಳಿದುದನ್ನು ತೋರಿಸಿತು. ತಂಬಾಕಿನ ನಾಡಾದ ನಿಪ್ಪಾಣಿಯ ಬಳಿಯಲ್ಲಿ ಕುಳಿತು ಇದನ್ನು ಓದುವವರು, 2004ರಲ್ಲಿ ಪ್ರಕಟವಾದ ಮುಂಬಯಿಯ ಇನ್ನೊಂದು ಅಧ್ಯಯನವನ್ನೂ ಜೊತೆಗಿಟ್ಟು ನೋಡಬೇಕು: ಮಿಶ್ರಿ ಮೊದಲಾದ ಹೊಗೆಯಿಲ್ಲದ ತಂಬಾಕನ್ನು ಬಳಸುವ ತಾಯಂದಿರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು, ಅವು ಹುಟ್ಟಿದುದೂ ಕೆಲವು ದಿನ ಮುಂಚೆಯೇ. ಇರಲಿ, ಇವೆಲ್ಲ ಜನನಕ್ಕೆ ಮುಂಚಿನ ವಿಚಾರ. ಹಾಲೂಟವನ್ನೇ ಮುಖ್ಯ ವಿಷಯವಾಗಿ ಇಟ್ಟುಕೊಂಡುದು, ಕರ್ನಾಟಕ, ಒಡಿಶಾಗಳಲ್ಲಿ ಹಾಗೂ ಮಲಾವಿ, ಟಾಂಜಾನಿಯಾಗಳಲ್ಲಿ ನಡೆದ ಕಡಿಮೆ ತೂಕದ ಶಿಶುಗಳ ಆಹಾರದ ಅಧ್ಯಯನ. ಬೆಳಗಾವಿಯ ವೈದ್ಯರೂ ಅದರಲ್ಲಿ ಪಾಲ್ಗೊಂಡರು. ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳ ಊಟವನ್ನೂ ಬೆಳವಣಿಗೆಯನ್ನೂ ಮನೆಗೆ ಹೋದಮೇಲೂ ತಿಂಗಳುಗಟ್ಟಲೆ ಅನುಸರಿಸಿದುದು ಇದರ ಹಿರಿಮೆ. ಆದರೆ ಇದು ಆರಿಸಿಕೊಂಡುದು ಒಂದೂವರೆಯಿಂದ ಎರಡೂವರೆ ಕಿಲೋಗ್ರಾಂವರೆಗಿನ ಶಿಶುಗಳನ್ನು. ಅದಕ್ಕೆ ಶಾಸ್ತ್ರೀಯ ಕಾರಣಗಳಿವೆ, ನಾವು ಆಕ್ಷೇಪಿಸುವುದಿಲ್ಲ. ಆದರೂ ನುಂಗುವುದೇ ಅತ್ಯಂತ ಕಷ್ಟವಾದ, ಒಂದೂವರೆ ಕಿಲೋಗ್ರಾಂಗೂ ಕಡಿಮೆ ತೂಗುವ ಕೂಸುಗಳು ಇಲ್ಲಿಯೂ ಪುಟದ ಹೊರಗೇ ಉಳಿದವು.

ಈಗ ಎರಡನೆಯ ಮನೆಮಾತಿಗೆ, 'ಮೊಲಿ ಹಿಡಿಯವಲ್ದು' ಎಂಬುದಕ್ಕೆ, ಮರಳೋಣ. ಈ ಒಂದೇ ಮಾತಿನ ಕೆಳಗೆ ಬೇರೆಬೇರೆಯಾದ ಸಂಗತಿಗಳು ಕಲೆತುಹೋಗಿವೆ. ಹುಟ್ಟಿದಂದಿನಿಂದಲೂ ಹಿಡಿಯದ, ದಿನ ತುಂಬದ ಕೂಸು ಒಂದು. ಅದಕ್ಕೆ ಬೇಕಾದುದು ಕಾಲ, ಬೆಚ್ಚನೆಯ ಎದೆ, ಹಿಂಡಿದ ತಾಯಿಹಾಲು, ತಾಳ್ಮೆಯ ಕೈ. ನಿನ್ನೆಯವರೆಗೆ ಚೆನ್ನಾಗಿ ಉಂಡು ಇಂದು ಒಲ್ಲೆನೆನ್ನುವ ಕೂಸು ಇನ್ನೊಂದು. ಇದೇ ಕಾಶ್ಯಪನು ಗುರುತಿಸಿದ ರೋಗಲಕ್ಷಣ. ಗಡಚಿರೋಲಿಯ ಹಳ್ಳಿಗಳಲ್ಲಿ ಅಭಯ ಮತ್ತು ರಾಣಿ ಬಂಗ್ ದಂಪತಿಗಳು ತರಬೇತಿ ಕೊಟ್ಟ ಗ್ರಾಮಸೇವಿಕೆಯರು ರಕ್ತದ ನಂಜನ್ನು ಪತ್ತೆಹಚ್ಚಲು ಬಳಸಿದ ಗುರುತುಗಳಲ್ಲಿಯೂ ಇದು ಸೇರಿದೆ. ಇಂಥ ಕೂಸಿಗೆ ಕಾಯುವುದೇ ವಿಷ. ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ತೊಟ್ಟು ಒಳಸೇರಿಯೋ ಎದೆ ಗಟ್ಟಿಯಾಗಿಯೋ ತಾಯಿಗೇ ತೊಂದರೆಯಿರುವುದು ಮೂರನೆಯದು. ಇದು ಕೈಕೆಲಸದಿಂದ ಸರಿಹೋಗುವಂಥದು. ಮೂರಕ್ಕೂ ಒಂದೇ ಹೆಸರು, ಮೂರಕ್ಕೂ ಒಂದೇ ಒಳಲೆ, ಅದರಲ್ಲಿ ನೀರು ಬೆರೆಸಿದ ಆಕಳ ಹಾಲು ಎಂದಾದಾಗ ಅನರ್ಥವಾಗುತ್ತದೆ.

ಮೊದಲನೆಯ ಸಂಗತಿಯಲ್ಲಿ ಇನ್ನೂ ಒಂದು ಕ್ರೂರವಾದ ಸುತ್ತು ಇದೆ. ತಾಯಿಯ ಎದೆಯಲ್ಲಿ ಹಾಲು ಊರುವುದು ಹಾಲು ಹೊರಹೋಗುವುದನ್ನು ಅವಲಂಬಿಸಿದೆ. ಕೂಸು ಚೀಪಲಾರದು, ಹಿಂಡಿ ತೆಗೆಯಬೇಕೆಂದು ಹೇಳುವವರು ಯಾರೂ ಇಲ್ಲ. ಮೊದಲ ವಾರ ಹಾಲಿದ್ದ ಎದೆ ಎರಡನೆಯ ವಾರಕ್ಕೆ ನಿಜವಾಗಿಯೂ ಬತ್ತುತ್ತದೆ. ಆಕೆಗೆ ಹಾಲಿಲ್ಲವೆಂದು ಅತ್ತೆ ಮೊದಲ ದಿನ ನುಡಿದುದು ಹದಿನೈದನೆಯ ದಿನಕ್ಕೆ ಸತ್ಯವಾಗಿ ನಿಲ್ಲುತ್ತದೆ, ಆ ಮೇಲೆ ಅದನ್ನು ಅಲ್ಲಗಳೆಯುವುದು ಯಾರಿಂದಲೂ ಸಾಧ್ಯವಿಲ್ಲ. ಹಾಲನ್ನು ಪರೀಕ್ಷಿಸಿದ ಶಾಸ್ತ್ರವೂ, ಶಿಶುವನ್ನು ತೂಗಿದ ಆಸ್ಪತ್ರೆಯೂ ಈ ಹದಿನೈದು ದಿನಗಳ ಒಳಮನೆಯನ್ನು ಹೊರಗಿನಿಂದಲೇ ನೋಡಿವೆ.

ಆ ಒಳಮನೆಗೆ ಇಂದು ಕಾಲಿಡುವ ಬರಹವೊಂದಿದ್ದರೆ ಅದು ಆಶಾ ಕಾರ್ಯಕರ್ತೆಯ ಪುಸ್ತಕ. 2011ರಲ್ಲಿ ಆರಂಭವಾದ ಮನೆಯಾಧಾರಿತ ಶಿಶುಪಾಲನೆಯ ಯೋಜನೆಯಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವನ್ನು ಆಕೆ 3, 7, 14, 21, 28 ಹಾಗೂ 42ನೆಯ ದಿನಗಳಲ್ಲಿ ಮನೆಗೆ ಹೋಗಿ ನೋಡುತ್ತಾಳೆ. ತೂಗುತ್ತಾಳೆ, ಮೈಯ ಬಿಸಿಯನ್ನು ಅಳೆಯುತ್ತಾಳೆ, ಕೂಸು ಹಾಲು ಕುಡಿಯುತ್ತಿದೆಯೇ ಎಂದು ಕೇಳುತ್ತಾಳೆ. ಕೂಸು ಯಾವ ದಿನದಿಂದ ಹಿಡಿಯುತ್ತಿಲ್ಲ, ಮೊದಲು ಹಿಡಿಯುತ್ತಿತ್ತೇ, ಈಗ ಯಾವುದರಿಂದ, ಯಾರ ಕೈಯಿಂದ, ಯಾವ ಹಾಲು ಹೋಗುತ್ತಿದೆ ಎಂಬ ನಾಲ್ಕು ಮಾತುಗಳನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಆ ಪುಟದ ಅಂಚಿಗೆ ಬರೆಯಿಸುವುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕೈಕೊಳ್ಳಬಹುದಾದ ಕ್ಷೇತ್ರಕಾರ್ಯ. ರಾಯಬಾಗ ಮತ್ತು ಕಾಗವಾಡಗಳಿಂದ ಅದನ್ನು ಆರಂಭಿಸುವುದು ಸೂಕ್ತ. ಮಿರಜಕ್ಕೆ ಹೋಗಿ ಹೆತ್ತು ಮರಳುವ ತಾಯಂದಿರ ಕಾಗದಗಳು ಅಲ್ಲಿಯ ಹಳ್ಳಿಗಳಲ್ಲಿಯೇ, ಪೆಟ್ಟಿಗೆಗಳ ತಳದಲ್ಲಿ, ಈಗಲೂ ದೊರೆಯುತ್ತವೆ.